ಅತ್ತಿಗೆಯ ಸಂಘ, ನಮ್ಮ ಬೆಂಚು

ನಮ್ಮ ಅತ್ತಿಗೆ ಅಂಕಿಗಳನ್ನು ಬಾಯಿಬಿಟ್ಟು ಹೇಳುವುದಿಲ್ಲ. ಗಂಟೆ ಎಷ್ಟು ಎಂದು ಕೇಳಿದರೆ ಗೋಡೆಯ ಗಡಿಯಾರದ ಕಡೆ ಗದ್ದ ಎತ್ತುತ್ತಾರೆ. ಊಟಕ್ಕೆ ಎಷ್ಟು ಜನ ಎಂದರೆ ಬೆರಳು ತೋರಿಸುತ್ತಾರೆ. ಅವರ ವಯಸ್ಸನ್ನಂತೂ ನಮ್ಮಣ್ಣ ಮದುವೆಯಾದಂದಿನಿಂದ ಅಂದಾಜಿನ ಮೇಲೆಯೇ ಆಸ್ಪತ್ರೆ ಚೀಟಿಯಲ್ಲಿ ಬರೆಸುತ್ತಿದ್ದಾನೆ. ಆ ಅಂದಾಜು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಅವನೂ ಬದುಕಬೇಕಲ್ಲ.

ಇಂಥವರು ಮಾಡುವ ಕೆಲಸವೋ, ಬೆಳಗಿನಿಂದ ಸಂಜೆಯವರೆಗೆ ಅಂಕಿಗಳದ್ದೇ. ನಮ್ಮೂರಿನ ರೈತರ ಉಳಿತಾಯ ಮತ್ತು ಸಾಲದ ಸಹಕಾರ ಸಂಘದ ಶಾಖೆಗೆ ಅವರು ಕಾರ್ಯದರ್ಶಿ. ಶಾಖೆ ಎಂದರೆ ಮೊದಲು ಬೀಜದ ಮಳಿಗೆಯಾಗಿದ್ದ ಒಂದು ಕೋಣೆ. ಒಂದು ಕಬ್ಬಿಣದ ಬೀರು, ಎರಡು ಮೇಜು, ಮೂರು ಕುರ್ಚಿ. ಮೂರನೆಯ ಕುರ್ಚಿಯ ಒಂದು ಕಾಲು ಗಿಡ್ಡ, ಅದರ ಕೆಳಗೆ ಹಳೆಯ ರಸೀದಿ ಪುಸ್ತಕ. ಗಡಿಯಾರ ಹತ್ತು ನಿಮಿಷ ಮುಂದೆ ಓಡುತ್ತದೆ. ಅದು ಕೆಟ್ಟದ್ದಲ್ಲ, ಅತ್ತಿಗೆ ಇಟ್ಟದ್ದು. ಸದಸ್ಯರಿಗೆ ಬಸ್ಸು ತಪ್ಪಬಾರದು ಎಂದು.

ಹಣ ಕಟ್ಟಲು ಬಂದವರು ಎಷ್ಟು ಕಟ್ಟುತ್ತಾರೆ, ಖಾತೆಯಲ್ಲಿ ಎಷ್ಟಿದೆ, ಯಾವುದನ್ನೂ ಅತ್ತಿಗೆ ಉಚ್ಚರಿಸುವುದಿಲ್ಲ. ಒಂದು ಚೂರು ಕಾಗದದ ಮೇಲೆ ಬರೆದು ಅವರ ಕಡೆಗೆ ತಿರುಗಿಸುತ್ತಾರೆ. ಅವರು ಓದಿ ತಲೆಯಾಡಿಸಿದ ಮೇಲೆ ಆ ಚೀಟಿಯನ್ನು ನಾಲ್ಕು ತುಂಡು ಮಾಡಿ ಮೇಜಿನ ಕೆಳಗಿನ ಡಬ್ಬಕ್ಕೆ ಹಾಕುತ್ತಾರೆ. ಡಬ್ಬ ತುಂಬಿದರೆ ಮನೆಗೆ ತಂದು ಒಲೆಗೆ. ನಮ್ಮನೆಯ ಸ್ನಾನದ ನೀರು ಊರಿನವರ ಗುಟ್ಟಿನಲ್ಲಿ ಕಾಯುತ್ತದೆ ಎಂದು ನಾನು ತಮಾಷೆ ಮಾಡುವುದುಂಟು. ಅತ್ತಿಗೆ ನಗುವುದಿಲ್ಲ.

ಈ ಅಭ್ಯಾಸ ಹುಟ್ಟಿದ್ದು ಹಾಲಿನ ಡೇರಿಯಲ್ಲಿ. ಸಂಘಕ್ಕೆ ಬರುವ ಮೊದಲು ಅತ್ತಿಗೆ ಆರು ವರ್ಷ ಅಲ್ಲಿ ಹಾಲು ಅಳೆಯುತ್ತಿದ್ದರು. ಆಗ ಅವರು ನಮ್ಮನೆಗೆ ಬಂದ ಹೊಸ ಸೊಸೆ, ಲೆಕ್ಕದಲ್ಲಿ ಚುರುಕು, ಗಂಟಲೂ ಚುರುಕು. ಹಾಲಿನೊಳಗೆ ಮಾಪಕ ಇಳಿಬಿಟ್ಟು, ಬಂದ ಅಂಕಿಯನ್ನು ಸಾಲಿನ ಕೊನೆಯವರಿಗೂ ಕೇಳುವಂತೆ ಕೂಗುವುದು ಅಲ್ಲಿನ ಪದ್ಧತಿ. ಒಂದು ದಿನ ಮಾಪಕ ನೋಡಿ, ಕ್ಯಾನು ಯಾರದೆಂದು ನೋಡದೆ, "ಇದರಲ್ಲಿ ನೀರು ಜಾಸ್ತಿ" ಎಂದು ಕೂಗಿದರು. ಕ್ಯಾನಿನ ಹಿಂದೆ ನಿಂತಿದ್ದವರು ನಮ್ಮಮ್ಮ.

ಅಮ್ಮ ಮೂರು ವಾರ ಸೊಸೆಯ ಹತ್ತಿರ ಮಾತಾಡಲಿಲ್ಲ. ಉಪ್ಪು ಬೇಕಾದರೂ ನನ್ನ ಮೂಲಕ ಕೇಳಿಸುತ್ತಿದ್ದರು. ಮೂರು ವಾರದ ಮೇಲೆ ತಾವಾಗಿಯೇ ಬಾಯಿಬಿಟ್ಟು, "ನೀರು ಹಾಕಿದ್ದು ನಿಜಾನೇ ಕಣೇ. ಅದಕ್ಕೆ ನಂಗೆ ಬೇಜಾರಿಲ್ಲ. ಕೂಗಿದೆಯಲ್ಲ, ಅದಕ್ಕೆ" ಅಂದರು. ಅತ್ತಿಗೆ ಮಾರನೆಯ ದಿನದಿಂದ ಅಂಕಿಯನ್ನು ಚೀಟಿಯಲ್ಲಿ ಬರೆದು ಕ್ಯಾನಿನ ಮುಚ್ಚಳಕ್ಕೆ ಸಿಕ್ಕಿಸತೊಡಗಿದರು. ಡೇರಿಗೆ ಬರುವವರ ಸಂಖ್ಯೆ ಆ ವರ್ಷ ಏರಿತು. ಅದನ್ನೂ ಅತ್ತಿಗೆ ಯಾರಿಗೂ ಹೇಳಲಿಲ್ಲ.

ಸಂಘದ ಕೋಣೆಯ ಎದುರು, ರಸ್ತೆಯ ಆಚೆ ಬದಿಗೆ, ಚಿಕ್ಕಮ್ಮನ ಟೀ ಅಂಗಡಿ. ಅವರು ಊರಿಗೆಲ್ಲ ಚಿಕ್ಕಮ್ಮ. ಅಂಗಡಿಯ ಗೋಡೆಗೆ ಬೆನ್ನು ಕೊಟ್ಟು, ರಸ್ತೆಗೆ ಮುಖ ಮಾಡಿ ಒಂದು ಉದ್ದನೆಯ ಬೆಂಚು. ಅದರ ಮೇಲೆ ಖಾಯಂ ಆಗಿ ಮೂವರು. ನಿವೃತ್ತ ಪೋಸ್ಟ್‌ಮ್ಯಾನ್ ಟಪಾಲು ಮಾವ, ಈಗ ಒಂದು ತುಂಡು ಭೂಮಿಯಲ್ಲಿ ಈರುಳ್ಳಿ ಬೆಳೆಯುತ್ತಾರೆ. ಬಾಡಿಗೆಗೆ ಉಳುಮೆ ಮಾಡುವ ಟ್ರ್ಯಾಕ್ಟರ್ ಭಾವ. ಮೂರನೆಯವನು ನಾನು. ಸೌತೆಕಾಯಿ ಬೆಳೆಯುತ್ತೇನೆ. ಸೌತೆಬಳ್ಳಿ ತಾನೇ ಹಬ್ಬಿಕೊಳ್ಳುವ ಗಿಡವಾದ್ದರಿಂದ ನನಗೆ ಬಿಡುವು ಜಾಸ್ತಿ.

ಬೆಂಚಿಗೆ ಎದುರಾಗಿ ಸಂಘದ ಮೂರು ಮೆಟ್ಟಿಲು. ಯಾರಾದರೂ ಹತ್ತಿದರೆ ನಾವು ಸುಮ್ಮನಿರುತ್ತಿರಲಿಲ್ಲ. ಬರಿಗೈಲಿ ಹತ್ತಿದರೆ, "ಏನಣ್ಣ, ಸಾಲಕ್ಕಾ?" ಕೈಯಲ್ಲಿ ಚೀಲ ಇದ್ದರೆ, "ಏನಣ್ಣ, ಮನೇಲಿ ಇಡೋಕೆ ಜಾಗ ಸಾಲ್ತಿಲ್ವಾ?" ಎರಡೂ ನನ್ನ ರಚನೆಗಳೇ, ಉಳಿದಿಬ್ಬರು ಬಾಯಿಪಾಠ ಮಾಡಿಕೊಂಡಿದ್ದರು. ಪ್ರೀತಿಗೆ ಆಡುವ ಮಾತು. ಜನ ನಗುತ್ತಿದ್ದರು. ಕನಿಷ್ಠ ಹಲ್ಲು ಕಾಣುತ್ತಿತ್ತು.

ಹೋದ ವರ್ಷದ ಮಧ್ಯದಲ್ಲಿ ಅತ್ತಿಗೆಗೆ ಪಟ್ಟಣದ ಕೇಂದ್ರ ಕಚೇರಿಯಿಂದ ಒಂದು ಪತ್ರ ಬಂತು. ಶಾಖೆಯಲ್ಲಿ ತೊಂಬತ್ತನಾಲ್ಕೇ ಸದಸ್ಯರಿದ್ದಾರೆ, ವರ್ಷದ ಕೊನೆಗೆ ನೂರೈವತ್ತು ಆಗದಿದ್ದರೆ ಶಾಖೆ ಮುಚ್ಚಿ ಖಾತೆಗಳನ್ನು ಪಟ್ಟಣಕ್ಕೆ ಸೇರಿಸಲಾಗುವುದು ಎಂದು ಬರೆದಿತ್ತು. ಪತ್ರದ ಜೊತೆ ಒಂದು ಕಟ್ಟು ಸಮೀಕ್ಷೆಯ ಫಾರಂ, ರೈತರು ಸಂಘಕ್ಕೆ ಏಕೆ ಸೇರುವುದಿಲ್ಲ ಎಂದು ಮನೆಮನೆಗೆ ಹೋಗಿ ಕೇಳಲು.

ಪತ್ರ ಓದಿದ ದಿನ ಅತ್ತಿಗೆ ಊಟ ಬಡಿಸುವಾಗ ನನಗೆ ಎರಡು ಸಲ ಸಾರು ಹಾಕಿ ಅನ್ನವನ್ನೇ ಮರೆತರು. ಒಂಬತ್ತು ವರ್ಷದ ಕೆಲಸ. ಬೀಜದ ಮಳಿಗೆಯಿಂದ ಇಲಿ ಓಡಿಸಿ, ಗೋಡೆಗೆ ತಾವೇ ಸುಣ್ಣ ಬಳಿದು, ಏಳು ಜನ ಸದಸ್ಯರಿಂದ ತೊಂಬತ್ತನಾಲ್ಕಕ್ಕೆ ತಂದಿದ್ದರು. ಸಂಬಳದ ಮಾತು ಅವರು ಎತ್ತಲಿಲ್ಲ. "ಬೀರುವನ್ನ ಒಬ್ಬಳೇ ತಳ್ಳಿ ಒಳಗೆ ತಂದಿದ್ದೆ. ಹೊರಗೆ ತಳ್ಳೋಕೆ ನನ್ನಿಂದ ಆಗಲ್ಲ" ಅಂದರು ಅಷ್ಟೇ.

ಮನೆಯಲ್ಲಿ ಅಕ್ಷರವೂ ಬಿಡುವೂ ಎರಡೂ ಇರುವವನು ನಾನೇ ಆದ್ದರಿಂದ ಸಮೀಕ್ಷೆ ನನ್ನ ಪಾಲಿಗೆ ಬಂತು. ನಾನು ಕಿಸೆಗೆ ಎರಡು ಪೆನ್ನು ಸಿಕ್ಕಿಸಿಕೊಂಡೆ. ಒಂದು ಬರೆಯಲು, ಇನ್ನೊಂದು ಗಾಂಭೀರ್ಯಕ್ಕೆ.

ಫಾರಂನಲ್ಲಿ ವಯಸ್ಸು, ಓದು, ಹಿಡುವಳಿ, ಬಡ್ಡಿ ದರ, ಮಾಹಿತಿಯ ಕೊರತೆ, ಸಂಘಕ್ಕಿರುವ ಅಂತರ ಎಂದು ಸಾಲಾಗಿ ಚೌಕಗಳಿದ್ದವು. ಕೊನೆಗೆ "ಇತರೆ, ವಿವರಿಸಿ" ಎಂದು ಎರಡು ಗೆರೆ ಖಾಲಿ ಜಾಗ. ನಾನು ನಲವತ್ತು ಮನೆಗೆ ಹೋದೆ. ಮೂವತ್ತೊಂದು ಮನೆಯವರು ಅಂತರದ ಚೌಕಕ್ಕೆ ಗುರುತು ಹಾಕಿಸಿದರು.

ಮೊದಲನೆಯವಳು ಬೀನ್ಸ್ ಅಕ್ಕ. ಅವಳ ಹಿತ್ತಲ ಗೋಡೆಯೂ ಸಂಘದ ಪಕ್ಕದ ಗೋಡೆಯೂ ಒಂದೇ.

"ದೂರ ಆಗುತ್ತಪ್ಪ" ಅಂದಳು, ಬೀನ್ಸ್ ಮುರಿಯುತ್ತ.

"ಅಕ್ಕ, ನಿಮ್ಮನೆ ಕೋಳಿ ಸಂಘದ ಮೆಟ್ಟಿಲ ಮೇಲೆ ಮೊಟ್ಟೆ ಇಡುತ್ತೆ."

"ಕೋಳಿಗೆ ಹತ್ತಿರಾನೇ."

"ನಿಮಗೆ ದೂರಾನಾ?"

"ಕೋಳಿನ ಯಾರು ಏನು ಕೇಳ್ತಾರೆ? ನೀನು ದೂರ ಅಂತ ಬರ್ಕೋ. ಟೀ ಕುಡೀತೀಯಾ?"

ಟೊಮೇಟೊ ಅಣ್ಣನ ತೋಟ ಸಂಘದಿಂದ ಕೂಗಳತೆ. ಊರಿನಲ್ಲಿ ಒಳ್ಳೆಯ ಬೆಳೆ ತೆಗೆಯುವವನು, ಕೈಯಲ್ಲಿ ನಾಲ್ಕು ಕಾಸು ಆಡುವವನು. ಅವನೂ ದೂರ ಎಂದ. ಅವನು ಹಾಗೆನ್ನುವಾಗ ನಾವಿಬ್ಬರೂ ಸಂಘದ ಬಾಗಿಲು ಕಾಣುವ ಜಾಗದಲ್ಲೇ ನಿಂತಿದ್ದೆವು. ನಾನು ಬಾಗಿಲ ಕಡೆ ಪೆನ್ನು ತೋರಿಸಿದೆ. ಅವನು ಪೆನ್ನಿನ ಕಡೆ ನೋಡಿ, "ಒಳ್ಳೆ ಪೆನ್ನು, ಎಷ್ಟು ಕೊಟ್ರಿ?" ಎಂದ.

ನಾನು ಮನೆಗೆ ಬಂದು ಮಗಳ ಬಣ್ಣದ ಪೆನ್ಸಿಲ್ ತೆಗೆದುಕೊಂಡು ಉತ್ತರಗಳ ಕಂಬನಕ್ಷೆ ಬಿಡಿಸಿದೆ. ಅಂತರದ ಕಂಬ ಕೆಂಪು ಬಣ್ಣದಲ್ಲಿ ಹಾಳೆಯ ತುದಿ ಮುಟ್ಟಿತು. ಅತ್ತಿಗೆ ಅದನ್ನು ಬಹಳ ಹೊತ್ತು ನೋಡಿದರು.

"ಇವರೆಲ್ಲ ಸುಳ್ಳು ಹೇಳಿದ್ದಾರೆ ಅತ್ತಿಗೆ" ಅಂದೆ. "ಬೀನ್ಸ್ ಅಕ್ಕನಿಗೆ ಹದಿನಾರು ಹೆಜ್ಜೆ. ನಾನೇ ಎಣಿಸಿದೆ."

"ಒಬ್ಬಿಬ್ಬರು ಸುಳ್ಳು ಹೇಳಬಹುದು. ಇಷ್ಟೊಂದು ಜನ ಸೇರ್ಕೊಂಡು ಒಂದೇ ಸುಳ್ಳು ಹೇಳಲ್ಲ, ಮಹಾರಾಯ" ಅಂದರು ಅತ್ತಿಗೆ. ಆಮೇಲೆ ಫಾರಂಗಳನ್ನು ಎಣಿಸಿ, "ನಿಂದೆಲ್ಲಿ?" ಎಂದು ಕೇಳಿದರು.

"ನಾನು ಸಮೀಕ್ಷೆ ಮಾಡೋನು. ಮಾಡೋನು ತನ್ನದನ್ನ ತಾನೇ ತುಂಬೋಹಾಗಿಲ್ಲ."

"ಓಹೋ" ಅಂದರು ಅತ್ತಿಗೆ.

ವರದಿಯನ್ನು ಅಂಚೆಯಲ್ಲಿ ಕಳಿಸಿದರೆ ಸಾಕಿತ್ತು. ಆದರೆ ಅತ್ತಿಗೆ ತಾವೇ ಕೊಟ್ಟುಬರುತ್ತೇನೆಂದು ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಬಂದರು. ನಾನು ಆ ಬಸ್ಸಿನ ಕೊನೆಯ ಸೀಟಿನಲ್ಲಿದ್ದೆ. ಅವರನ್ನು ಕಂಡ ಕೂಡಲೇ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿದೆ. ನನ್ನ ಚಪ್ಪಲಿಗೆ ಪಟ್ಟಿ ಇರಲಿಲ್ಲ.

ಇಲ್ಲಿ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಕೇಂದ್ರ ಕಚೇರಿಯಲ್ಲಿ ನನ್ನದೊಂದು ಖಾತೆ ಇತ್ತು, ಐದು ವರ್ಷದಿಂದ. ಹಾಲಿನ ಬಟವಾಡೆ ತಿಂಗಳ ಮೊದಲ ಸೋಮವಾರ ಆಗುತ್ತದೆ, ಮಾರನೆಯ ದಿನ ನಾನು ಹದಿನೆಂಟು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಕಟ್ಟಿಬರುತ್ತಿದ್ದೆ. ಅತ್ತಿಗೆಯ ಸಂಘ ನನ್ನ ಕಾಲಬುಡದಲ್ಲೇ ಇತ್ತು. ಆದರೆ ಅದರ ಮೆಟ್ಟಿಲು ಹತ್ತುವುದೆಂದರೆ ಬೆಂಚಿನ ಮುಂದೆ ಹಾಯಬೇಕು. ಬೆಂಚಿನ ಮೇಲೆ ನಾನಿಲ್ಲದಿದ್ದರೂ ನಾನು ಕಲಿಸಿದ ಇಬ್ಬರು ಇರುತ್ತಿದ್ದರು. ಹಾಗಾಗಿ ಮನೆಯಲ್ಲಿ, ಬೆಂಚಿನಲ್ಲಿ, ಎಲ್ಲ ಕಡೆ ನಾನು ಹೇಳಿದ್ದು ಕಣ್ಣಿನ ಡಾಕ್ಟರಿಗೆ ತೋರಿಸಲು ಹೋಗುತ್ತಿದ್ದೇನೆ ಎಂದು. ಪಟ್ಟಣಕ್ಕೆ ಕಣ್ಣಿನ ಡಾಕ್ಟರು ಬರುವುದೂ ತಿಂಗಳ ಮೊದಲ ಮಂಗಳವಾರವೇ, ಅನುಕೂಲವಾಗಿತ್ತು.

ಆ ಬಸ್ಸಿನಲ್ಲಿ ಟಪಾಲು ಮಾವನೂ ಇದ್ದರು, ಕಪ್ಪು ಕನ್ನಡಕ ಹಾಕಿಕೊಂಡು. ಅವರಿಗೂ ಕಣ್ಣು. ಟ್ರ್ಯಾಕ್ಟರ್ ಭಾವನಿಗೂ ಕಣ್ಣು. ನಾವು ಮೂವರೂ ಪ್ರತಿ ತಿಂಗಳು ಒಂದೇ ಬಸ್ಸಿನಲ್ಲಿ ಹೋಗಿ, ಪಟ್ಟಣದಲ್ಲಿಳಿದು, ನಿಮ್ಮ ಡಾಕ್ಟರು ಬೇರೆ ನಮ್ಮ ಡಾಕ್ಟರು ಬೇರೆ ಎಂದು ಮೂರು ದಿಕ್ಕಿಗೆ ಚದುರುತ್ತಿದ್ದೆವು. ನಾನಂತೂ ಅವರಿಬ್ಬರ ಕಣ್ಣನ್ನು ನೆನೆದು ಮರುಗುತ್ತಿದ್ದೆ. ಮಂಗಳವಾರದ ಬಸ್ಸಿನಲ್ಲಿ ಟೊಮೇಟೊ ಅಣ್ಣ, ಬೀನ್ಸ್ ಅಕ್ಕ, ಇನ್ನೂ ಹದಿನೈದಿಪ್ಪತ್ತು ಪರಿಚಯದ ಮುಖಗಳು ಇರುತ್ತಿದ್ದವು. ಕೌಂಟರಿನ ಮುಂದೆ ನಾನು ಅಕ್ಕಪಕ್ಕ ನೋಡುತ್ತಿರಲಿಲ್ಲ, ಹಾಗಾಗಿ ನಮ್ಮೂರಿನ ನೀರಿನಲ್ಲಿ ಏನೋ ದೋಷವಿದೆ, ಇಷ್ಟು ಜನಕ್ಕೆ ದೃಷ್ಟಿ ಹೋಗುತ್ತಿದೆ ಎಂದು ನಾನು ನಂಬಿದ್ದೆ.

ಅತ್ತಿಗೆ ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ತಿರುಗಲಿಲ್ಲ. ಪಟ್ಟಣ ಬಂದಾಗ ಮೊದಲು ಇಳಿದು ನೇರ ಕೇಂದ್ರ ಕಚೇರಿಗೆ ನಡೆದರು.

ನಾನು ಚಪ್ಪಲಿ ಅಂಗಡಿಯ ಮುಂದೆ ಅರ್ಧ ಗಂಟೆ ಕಳೆದೆ. ವರದಿ ಕೊಟ್ಟು ಹೊರಟಿರುತ್ತಾರೆ ಎಂದುಕೊಂಡು ಕಚೇರಿಯ ಒಳಗೆ ಕಾಲಿಟ್ಟರೆ, ಕೌಂಟರಿನ ಪಕ್ಕದ ಮ್ಯಾನೇಜರ ಕೋಣೆಯ ಬಾಗಿಲು ಹಾರುಹೊಡೆದಿದೆ, ಅತ್ತಿಗೆ ಬಾಗಿಲಿಗೆ ಮುಖ ಮಾಡಿ ಕೂತಿದ್ದಾರೆ. ನಾನು ತಟ್ಟನೆ ಗೋಡೆಯ ನೋಟಿಸ್ ಬೋರ್ಡಿನ ಕಡೆ ತಿರುಗಿದೆ. ಅಲ್ಲಿ ಆಗಲೇ ಜಾಗ ಇರಲಿಲ್ಲ. ಟ್ರ್ಯಾಕ್ಟರ್ ಭಾವ ಬಡ್ಡಿಯ ಪಟ್ಟಿಯನ್ನು ಮೂಗು ತಾಗುವಷ್ಟು ಹತ್ತಿರದಿಂದ ಓದುತ್ತಿದ್ದ. ಬೀನ್ಸ್ ಅಕ್ಕ, ಓದಲು ಬರುವುದಿಲ್ಲ ಎಂದು ನನ್ನ ಫಾರಂನಲ್ಲಿ ಬರೆಸಿದವಳು, ಕಳೆದ ವರ್ಷದ ಆಡಳಿತ ಮಂಡಳಿಯ ಹೆಸರುಗಳನ್ನು ಬೆರಳಿಟ್ಟು ಓದುತ್ತಿದ್ದಳು. ಟಪಾಲು ಮಾವ ಕಪ್ಪು ಕನ್ನಡಕದ ಹಿಂದಿನಿಂದ ಬೆಂಕಿ ಆರಿಸುವ ವಿಧಾನ ಅಭ್ಯಾಸ ಮಾಡುತ್ತಿದ್ದರು. ಅವರ ಹಿಂದೆ ಟೊಮೇಟೊ ಅಣ್ಣ, ಅವನ ಹಿಂದೆ ಬಸ್ಸಿನ ಉಳಿದವರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಒಳಗಿನಿಂದ ಮ್ಯಾನೇಜರ ದನಿ ಕೇಳಿಸಿತು. "ಮಂಗಳವಾರ ಬಂದ್ರೆ ಇಲ್ಲೆಲ್ಲ ನಿಮ್ಮೂರಿನವರೇ, ಮೇಡಂ. ಅರವತ್ತಮೂರು ಖಾತೆ ಇದೆ. ಎಲ್ಲ ಒಳ್ಳೆ ಪಾರ್ಟಿಗಳು. ನಿಮ್ಮ ಶಾಖೆ ಯಾಕೆ ಬೇಕು ಹೇಳಿ? ನಿಮ್ಮ ಜನಕ್ಕೇ ಬೇಡ."

ಅತ್ತಿಗೆ ಎದ್ದು ಹೊರಬಂದರು. ಇಪ್ಪತ್ತು ಬೆನ್ನುಗಳ ಹಿಂದೆ ಸ್ವಲ್ಪ ನಿಂತರು. ಆಮೇಲೆ ಯಾರಿಗೂ ಅಲ್ಲದಂತೆ, "ಬಸ್ಸು ಎರಡೂವರೆಗೆ" ಎಂದು ಹೇಳಿ ಮೆಟ್ಟಿಲಿಳಿದು ಹೋದರು. ಡೇರಿ ಬಿಟ್ಟ ಮೇಲೆ ಅವರ ಬಾಯಿಂದ ಒಂದು ಅಂಕಿ ಹೊರಬಿದ್ದದ್ದು ಅದೇ ಮೊದಲು.

ಎರಡೂವರೆಯ ಬಸ್ಸಿಗೆ ಎಲ್ಲರೂ ಹತ್ತಿದೆವು. ಊರಿನ ದಾರಿಗೆ ತಿರುಗಿದ ಮೇಲೆ ಅತ್ತಿಗೆ ಎದ್ದು, ಕಂಬ ಹಿಡಿದುಕೊಂಡು, ನಮ್ಮ ಕಡೆಗೆ ತಿರುಗಿ ನಿಂತರು.

"ನಾನು ಯಾರನ್ನೂ ನೋಡಿಲ್ಲ" ಅಂದರು. "ಯಾರ ಖಾತೆ ಎಲ್ಲಿದೆ ಅಂತ ಹೇಳೋದು ನನ್ನ ಕೆಲಸ ಅಲ್ಲ. ಒಂದು ಸುದ್ದಿ ಮಾತ್ರ ಹೇಳ್ತೀನಿ. ವರ್ಷದ ಕೊನೆಗೆ ನಮ್ಮ ಶಾಖೆ ಮುಚ್ಚುತ್ತೆ. ಅಲ್ಲಿರೋ ಅಷ್ಟೂ ಜನಾನೂ ಪಟ್ಟಣಕ್ಕೇ ಬರ್ಬೇಕು. ಇದೇ ಮಂಗಳವಾರ, ಇದೇ ಬಸ್ಸು, ಅದೇ ಕೌಂಟರು. ಆಗ ಊರಿಗೆ ಊರೇ ಒಂದೇ ಸಾಲಿನಲ್ಲಿ ನಿಂತಿರುತ್ತೆ. ಅಷ್ಟು ಜನಕ್ಕೆ ಕಣ್ಣು ತೋರಿಸೋಕೆ ಒಬ್ಬ ಡಾಕ್ಟರು ಸಾಲ್ತಾರಾ ನೋಡಿ."

ಬಸ್ಸಿನಲ್ಲಿ ಯಾರೋ ಕೆಮ್ಮಿದರು. ಟಪಾಲು ಮಾವ ಕನ್ನಡಕ ತೆಗೆದು ಕಿಸೆಗೆ ಹಾಕಿಕೊಂಡರು.

"ಅದಲ್ಲಮ್ಮ" ಅಂದಳು ಬೀನ್ಸ್ ಅಕ್ಕ, "ನಿನ್ನ ಹತ್ರ ಬರೋಕೆ ನಮಗೆ ಬೇಜಾರಾ? ನೀನು ಬಾಯಿ ಬಿಡಲ್ಲ ಅಂತ ಎಲ್ಲರಿಗೂ ಗೊತ್ತು. ಹತ್ತಿರ ಇದೆಯಲ್ಲ, ಅದೇ ಕಷ್ಟ. ಇನ್ನೊಂದು ಸ್ವಲ್ಪ ದೂರ ಇದ್ದಿದ್ರೆ ಬರ್ತಿದ್ವಿ."

"ಅದಕ್ಕೇ ದೂರ ಅಂತ ಬರೆಸಿದ್ದಾ ಅಕ್ಕ?" ನಾನು ಹಿಂದಿನಿಂದ ಕೇಳಿದೆ. ಸಮೀಕ್ಷಕನ ಚಟ.

"ಫಾರಂನಲ್ಲಿ ಅಂತರ ತೊಂದರೆನಾ ಅಂತ ಕೇಳಿದ್ದೆ ನೀನು. ಹೌದು ತೊಂದರೆ ಅಂದೆ. ಸುಳ್ಳಾ?"

ನನ್ನ ಕೆಂಪು ಕಂಬ ಕಣ್ಣಮುಂದೆ ಬಂತು.

ಆಗ ಟೊಮೇಟೊ ಅಣ್ಣ ಎದ್ದು ನಿಂತ. ಅವನು ಸಾಮಾನ್ಯವಾಗಿ ಮಾತಿಗೆ ಸಿಗುವವನಲ್ಲ. ನನ್ನ ಕಡೆ ತಿರುಗಿ, ತಾಳ್ಮೆಯಿಂದಲೇ ಹೇಳಿದ. "ನಾಲ್ಕು ವರ್ಷದ ಹಿಂದೆ ನಾನು ನಿಮ್ಮ ಅತ್ತಿಗೆ ಹತ್ರ ಖಾತೆ ಮಾಡ್ಸೋಣ ಅಂತ ಬಂದಿದ್ದೆ. ಮೊದಲನೇ ಒಳ್ಳೆ ಬೆಳೆ. ಚೀಲ ಬಗಲಲ್ಲಿತ್ತು. ನೀವು ಬೆಂಚಿನಿಂದ ಏನಂದ್ರಿ, ನೆನಪಿದೆಯಾ?"

ನೆನಪಿರಲಿಲ್ಲ.

"ಮನೇಲಿ ಇಡೋಕೆ ಜಾಗ ಸಾಲ್ತಿಲ್ವಾ ಅಂದ್ರಿ. ಮೂರು ಜನಾನೂ ನಕ್ಕ್ರಿ. ನಾನೂ ನಕ್ಕೆ. ಅವತ್ತು ಸಂಜೆ ನನ್ನ ಹೆಂಡತಿ ಅಣ್ಣ ಬಂದು ಜಗಲಿ ಮೇಲೆ ಕೂತ. 'ಭಾವ, ದುಡ್ಡು ಇಡೋಕೆ ಜಾಗ ಇಲ್ವಂತೆ, ನಂಗೆ ಕೊಡಿ, ನಾನು ಇಟ್ಕೋತೀನಿ' ಅಂದ. ಟೀ ಅಂಗಡಿಯಿಂದ ನಮ್ಮನೆಗೆ ಸುದ್ದಿ ನನಗಿಂತ ಮೊದಲು ಬಂದಿತ್ತು. ಕೊಟ್ಟೆ. ಈಗ್ಲೂ ಅವನೇ ಇಟ್ಕೊಂಡಿದ್ದಾನೆ."

"ನಂಗೂ ಹಾಗೇ" ಅಂದಳು ಬೀನ್ಸ್ ಅಕ್ಕ. "ನಾನು ಮಗಳ ಓದಿಗೆ ಅಂತ ವಿಚಾರಿಸೋಕೆ ಬಂದೆ. 'ಏನಕ್ಕ, ಸಾಲಕ್ಕಾ?' ಅಂದೆ ನೀನು. ನಾದಿನಿ ಮನೇಲಿ ಒಂದು ವಾರ ಅದೇ ಮಾತು, ನಾನು ಸಾಲ ಮಾಡ್ಕೊಂಡಿದ್ದೀನಂತೆ. ಅವತ್ತು ನಾನು ದುಡ್ಡು ಕೂಡಿಡೋದು ಹೇಗೆ ಅಂತ ಕೇಳೋಕೆ ಬಂದಿದ್ದು."

ಯಾರೂ ಜೋರಾಗಿ ಮಾತಾಡಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ನಾನು ಕಿಟಕಿಯ ಆಚೆ ನೋಡಿದೆ. ಇಷ್ಟು ವರ್ಷದಲ್ಲಿ ಮೆಟ್ಟಿಲು ಹತ್ತಲು ಬಂದು, ಬೆಂಚು ನೋಡಿ, ಪಕ್ಕದ ಗೊಬ್ಬರದಂಗಡಿಗೆ ತಿರುಗಿಕೊಂಡವರ ಮುಖಗಳು ಒಂದೊಂದಾಗಿ ನೆನಪಾದವು. ಆ ಅಂಗಡಿಯವನು ನನ್ನನ್ನು ಕಂಡಾಗಲೆಲ್ಲ ಯಾಕೆ ಅಷ್ಟು ಪ್ರೀತಿಯಿಂದ ನಗುತ್ತಿದ್ದ ಎಂದು ಆಗ ಗೊತ್ತಾಯಿತು. ಓದು, ವಯಸ್ಸು, ಹಿಡುವಳಿ, ಬಡ್ಡಿ, ಎಲ್ಲಕ್ಕೂ ಚೌಕ ಮಾಡಿದ್ದ ಕಚೇರಿಯವರು ನನಗೊಂದು ಚೌಕ ಮಾಡಿರಲಿಲ್ಲ.

"ಹಾಗಾದ್ರೆ ಬೆಂಚು ತೆಗೆದುಬಿಡೋಣ" ಅಂದ ಟ್ರ್ಯಾಕ್ಟರ್ ಭಾವ, ನೆಲ ನೋಡುತ್ತ.

"ಬೆಂಚು ತೆಗೆದ್ರೆ ಚಿಕ್ಕಮ್ಮನ ವ್ಯಾಪಾರ ಹೋಗುತ್ತೆ" ಅಂದರು ಅತ್ತಿಗೆ. "ನಂಗೆ ಬೆಂಚಿನ ಮೇಲೆ ಕೋಪ ಇಲ್ಲ. ಅದು ನೋಡೋ ದಿಕ್ಕು ಸರಿ ಇಲ್ಲ, ಅಷ್ಟೇ."

ಬಸ್ಸಿಳಿದು ಬೆಂಚಿನ ಮೂವರೂ ಮನೆಗೆ ಹೋಗಲಿಲ್ಲ. ನೇರ ಟೀ ಅಂಗಡಿಗೆ ಹೋಗಿ, ನಾನೊಂದು ತುದಿ, ಟ್ರ್ಯಾಕ್ಟರ್ ಭಾವ ಒಂದು ತುದಿ ಹಿಡಿದು ಬೆಂಚನ್ನು ಎತ್ತಿದೆವು. ಟಪಾಲು ಮಾವ ದಾರಿ ತೋರಿಸಿದರು. ಎರಡು ಅಡಿ ಮುಂದೆ ತಂದು, ರಸ್ತೆಗೆ ಬೆನ್ನು, ಗೋಡೆಗೆ ಮುಖ ಬರುವಂತೆ ತಿರುಗಿಸಿ ಇಟ್ಟೆವು.

ಚಿಕ್ಕಮ್ಮ ಒಲೆ ಬಿಟ್ಟು ಹೊರಗೆ ಬಂದರು. "ಏನ್ರೋ ಇದು? ಗೋಡೆ ನೋಡ್ಕೊಂಡು ಯಾರಪ್ಪ ಟೀ ಕುಡೀತಾರೆ? ಶಾಲೇಲಿ ಮೇಷ್ಟ್ರು ಶಿಕ್ಷೆ ಕೊಟ್ಟಂಗಿದೆ."

"ಶಿಕ್ಷೆನೇ ಚಿಕ್ಕಮ್ಮ" ಅಂದೆ.

"ಹಾಗಾದ್ರೆ ಗೋಡೆಗೊಂದು ದೊಡ್ಡ ಕನ್ನಡಿ ಹಾಕ್ಸಲಾ? ಹೊತ್ತು ಹೋಗುತ್ತೆ ನಿಮಗೆ."

ಟಪಾಲು ಮಾವನ ಮುಖ ಅರಳಿತು. ಕನ್ನಡಿಯಲ್ಲಿ ಮೂರು ಮೆಟ್ಟಿಲೂ ಸ್ಪಷ್ಟವಾಗಿ ಕಾಣುತ್ತವೆ. ಅಷ್ಟರಲ್ಲಿ ಎದುರು ಕಿಟಕಿಯಿಂದ ಅತ್ತಿಗೆಯ ದನಿ ಬಂತು. "ಕನ್ನಡಿ ಬೇಡ ಚಿಕ್ಕಮ್ಮ. ಕ್ಯಾಲೆಂಡರ್ ಹಾಕಿ."

ಮೊದಲ ವಾರ ಕಷ್ಟವಾಯಿತು. ಬೆನ್ನ ಹಿಂದೆ ಚಪ್ಪಲಿಯ ಸದ್ದು ಕೇಳಿದಾಗಲೆಲ್ಲ ನಮ್ಮ ಕತ್ತು ತಾನಾಗಿಯೇ ತಿರುಗಲು ಹೊರಡುತ್ತಿತ್ತು. ಟ್ರ್ಯಾಕ್ಟರ್ ಭಾವ ಕತ್ತಿಗೊಂದು ಟವೆಲ್ ಬಿಗಿಯಾಗಿ ಸುತ್ತಿಕೊಂಡು ಕೂರುತ್ತಿದ್ದ. ನನ್ನ ನಾಲಿಗೆಯ ತುದಿಗೆ ಬಂದ ಮಾತನ್ನು ಟೀ ಜೊತೆ ನುಂಗಿಕೊಳ್ಳಬೇಕಾಗಿ, ದಿನಕ್ಕೆ ಎರಡು ಕಪ್ಪು ಜಾಸ್ತಿಯಾಯಿತು. ಚಿಕ್ಕಮ್ಮ ಆಕ್ಷೇಪ ನಿಲ್ಲಿಸಿದರು. ಒಂದೇ ಹಾಳೆಯ ಕ್ಯಾಲೆಂಡರಿನ ಹನ್ನೆರಡು ತಿಂಗಳೂ ನಮಗೆ ಬಾಯಿಗೆ ಬಂದವು. ಗೋಡೆಯ ಬಿರುಕಿನಲ್ಲಿ ಓಡಾಡುವ ಇರುವೆಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬುದನ್ನು ಟಪಾಲು ಮಾವ ಮೊದಲ ಬಾರಿಗೆ ಪತ್ತೆ ಹಚ್ಚಿದರು.

ಎಂಟನೆಯ ದಿನ ಬೆನ್ನ ಹಿಂದೆ ಒಂದು ಜೊತೆ ಹೆಜ್ಜೆ ಬಂದು ನಿಂತಿತು. ತುಂಬಾ ಹೊತ್ತು ನಿಂತಿತು. ನಮ್ಮನ್ನು ಪರೀಕ್ಷೆ ಮಾಡುತ್ತಿದೆ ಎಂದು ಗೊತ್ತಾಯಿತು. ನಾವು ಮಾರ್ಚ್ ತಿಂಗಳನ್ನು ನೋಡುತ್ತ ಕೂತೆವು. ಹೆಜ್ಜೆ ಮೆಲ್ಲಗೆ ಮೆಟ್ಟಿಲು ಹತ್ತಿತು. ಒಂದು, ಎರಡು, ಮೂರು. ಯಾರೆಂದು ನನಗೆ ಇವತ್ತಿಗೂ ತಿಳಿಯದು. ಟೊಮೇಟೊ ವಾಸನೆ ಇತ್ತು ಎಂದು ಟಪಾಲು ಮಾವ ಹೇಳಿದರು. ನಾನು ಅವರ ಬಾಯಿ ಮುಚ್ಚಿಸಿದೆ.

ಪಟ್ಟಣದ ಖಾತೆಯನ್ನು ಶಾಖೆಗೆ ವರ್ಗಾಯಿಸಲು ಒಂದೇ ರುಜು ಸಾಕಂತೆ, ನಾನಿನ್ನೂ ಹಾಕಿರಲಿಲ್ಲ. ಮುಂದಿನ ತಿಂಗಳ ಮೊದಲ ಮಂಗಳವಾರ ಒಂಬತ್ತರ ಬಸ್ಸು ಖಾಲಿ ಹೋಯಿತು. ನಮ್ಮೂರಿನ ಜನಕ್ಕೆ ಕಣ್ಣು ಒಟ್ಟಿಗೇ ವಾಸಿಯಾಯಿತು ಎಂದು ಕಂಡಕ್ಟರು ಆಶ್ಚರ್ಯಪಟ್ಟನಂತೆ.

ವರ್ಷದ ಕೊನೆಯ ಕೆಲಸದ ದಿನ ಮಧ್ಯಾಹ್ನ ಅತ್ತಿಗೆ ಕಿಟಕಿಯಿಂದ ನನ್ನನ್ನು ಕರೆದರು. ನಾನು ಮೆಟ್ಟಿಲು ಹತ್ತಿ ಒಳಗೆ ಹೋಗಿ ಗಿಡ್ಡ ಕಾಲಿನ ಕುರ್ಚಿಯಲ್ಲಿ ಕೂತೆ. ಅತ್ತಿಗೆ ಚೀಟಿಯಲ್ಲಿ ಒಂದು ಸಂಖ್ಯೆ ಬರೆದು ನನ್ನ ಕಡೆ ತಿರುಗಿಸಿದರು. ನೂರ ಅರವತ್ತೆಂಟು. ನಾನು ತಲೆಯಾಡಿಸಿದೆ. ಅವರು ಚೀಟಿಯನ್ನು ಕೈಗೆ ತೆಗೆದುಕೊಂಡರು, ಹರಿಯಲು ಹೋದರು, ಹರಿಯಲಿಲ್ಲ. ಮಡಿಸಿ ಬೀರುವಿನ ಒಳಗಿಟ್ಟು ಬೀಗ ಹಾಕಿದರು.

"ಬೀರು ಇಲ್ಲೇ ಇರುತ್ತೆ" ಅಂದರು.

ಕೇಂದ್ರ ಕಚೇರಿಯಿಂದ ಮತ್ತೆ ಪತ್ರ ಬಂದಿತ್ತು, ಈ ಸಲ ಶಾಖೆಯನ್ನು ಮುಂದುವರಿಸಲಾಗಿದೆ ಎಂದು. ಅಂತರದ ಸಮಸ್ಯೆಯನ್ನು ಹೇಗೆ ಪರಿಹರಿಸಿದಿರಿ, ಬೇರೆ ಶಾಖೆಗಳಿಗೂ ಉಪಯೋಗವಾಗುತ್ತದೆ, ವಿವರವಾಗಿ ಬರೆಯಿರಿ ಎಂದು ಕೇಳಿದ್ದರು. ಅತ್ತಿಗೆ ಹಳೆಯ ಫಾರಂ ಒಂದನ್ನು ತೆಗೆದು, "ಇತರೆ, ವಿವರಿಸಿ" ಎಂಬ ಕಡೆ ಬರೆದಿದ್ದರು: "ಎದುರಿನ ಬೆಂಚನ್ನು ತಿರುಗಿಸಲಾಯಿತು." ಎರಡನೆಯ ಗೆರೆ ಖಾಲಿ ಇತ್ತು.

"ಇಷ್ಟೇನಾ? ನನ್ನ ಹೆಸರು ಹಾಕಲ್ವಾ?" ಅಂದೆ.

"ಹೆಸರು ನಾನು ಯಾರದ್ದೂ ಹೇಳಲ್ಲ."

"ಅತ್ತಿಗೆ, ಒಂದು ಕೇಳ್ತೀನಿ. ಅವತ್ತು ಬೇಕೂಂತಲೇ ಮಂಗಳವಾರದ ಬಸ್ಸಿಗೆ ಬಂದ್ರಾ?"

"ನಂಗೂ ಕಣ್ಣು ತೋರಿಸ್ಬೇಕಿತ್ತು" ಅಂದರು, ಮುದ್ರೆಯ ಮಸಿಡಬ್ಬಿ ಮುಚ್ಚುತ್ತ. "ಹೋಗ್ಲಿ, ನಿನ್ನ ಪಾಸ್‌ಬುಕ್ ಯಾವಾಗ ತರ್ತೀಯಾ? ಸೌತೆ ಬೀಜದ ಡಬ್ಬದಲ್ಲಿ ಇಟ್ರೆ ತೇವ ಹಿಡಿಯುತ್ತೆ. ನಿನ್ನ ಹೆಂಡತಿ ಆಗಾಗ ಬಿಸಿಲಿಗೆ ಹಾಕಿ ಒಣಗಿಸಿದ್ದಾಳೆ, ಪಾಪ."

ಮನೆಗೆ ಓಡಿ ತಂದೆ. ಕಿಸೆಯಲ್ಲಿ ಪಾಸ್‌ಬುಕ್, ಬಗಲಲ್ಲಿ ಚೀಲ, ಹಾಡುಹಗಲು. ಟೀ ಅಂಗಡಿಯ ಮುಂದೆ ಬಂದಾಗ ನನ್ನ ಹೆಜ್ಜೆ ತನ್ನಷ್ಟಕ್ಕೆ ನಿಂತಿತು. ಬೆಂಚಿನ ಮೇಲೆ ಎರಡು ಬೆನ್ನು, ನಡುವೆ ನನ್ನ ಖಾಲಿ ಜಾಗ. ಟ್ರ್ಯಾಕ್ಟರ್ ಭಾವನ ಬೆನ್ನು ಕಲ್ಲಿನಂತೆ ಕೂತಿತ್ತು. ನಾನು ರಸ್ತೆ ದಾಟಿ ಮೊದಲನೆಯ ಮೆಟ್ಟಿಲಿಗೆ ಕಾಲಿಟ್ಟೆ. ಯಾರೂ ಏನೂ ಕೇಳಲಿಲ್ಲ. ಎರಡನೆಯದಕ್ಕೆ ಇಟ್ಟೆ. ತಡೆಯಲಾಗದೆ ಒಮ್ಮೆ ಹಿಂದಿರುಗಿ ನೋಡಿದೆ.

ಟಪಾಲು ಮಾವ ಕ್ಯಾಲೆಂಡರನ್ನೇ ನೋಡುತ್ತಿದ್ದರು. ಮಾತಿಲ್ಲ, ಕತ್ತು ತಿರುಗಿಲ್ಲ. ಬೆನ್ನು ಮಾತ್ರ ನಗು ತಡೆಯಲಾರದೆ ಮೇಲೆ ಕೆಳಗೆ ಕುಲುಕುತ್ತಿತ್ತು.